ಅಯ್ಯೋ ದೇವರೇ, ಓ ಮೈ ಗಾಶ್!

ಈ ಸಂಚಿಕೆ ನಾಲ್ಕು ದಿನ ತಡವಾಗಿದೆ. ತಪ್ಪು ಲ್ಯಾಪ್‌ಟಾಪಿನದು. ಇನ್ನೇನು ಮುಗೀತು ಅನ್ನುವಾಗ ಪರದೆ ಕಪ್ಪಾಯಿತು, ಆರು ಪುಟ ಮಾಯ. "ಅಯ್ಯೋ ದೇವರೇ!" ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ ಕೇಳಿದಳು: "ಅಪ್ಪಾ, ನಮ್ಮ ಟೀಚರ್ 'ಓ ಮೈ ಗಾಡ್' ಅನ್ನಬೇಡಿ, 'ಓ ಮೈ ಗಾಶ್' ಅನ್ನಿ ಅಂತಾರೆ. ನೀನು ಮಾತ್ರ ದೇವರೇ ಅನ್ನಬಹುದಾ?"

ಪುಟಗಳನ್ನು ಬಿಟ್ಟು ಪ್ರಶ್ನೆಯ ಹಿಂದೆ ಬಿದ್ದೆ.

ನಮಗೆ ಬೇಜಾರಾಗಲಿ, ಆಶ್ಚರ್ಯವಾಗಲಿ, ಮೊದಲು ಬಾಯಿಗೆ ಬರುವುದೇ ದೇವರು. ಅಯ್ಯೋ ಶಿವನೇ, ಅಯ್ಯೋ ರಾಮ. ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ. ಅಜ್ಜಿಯರು ಅಂದರೆ ಅರ್ಧ ಜಪವೂ ಆದಂತೆ. ಇಂಗ್ಲಿಷಿನಲ್ಲಿ ಲೆಕ್ಕ ಉಲ್ಟಾ. ದೇವರ ಹೆಸರನ್ನು ಸುಮ್ಮನೆ ಎತ್ತಬಾರದು ಅನ್ನುವುದು ಬೈಬಲಿನ ಹತ್ತು ಕಟ್ಟಳೆಗಳಲ್ಲಿ ಒಂದು. 1606ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಬಂತು. ನಾಟಕದಲ್ಲಿ ತಮಾಷೆಗೆ ದೇವರ ಹೆಸರು ಹೇಳಿದ ನಟನಿಗೆ 10 ಪೌಂಡ್ ದಂಡ! ಆ ಕಾಲಕ್ಕೆ ಅದು ಬಡಪಾಯಿ ನಟ ಕೊಡುವಂಥ ದುಡ್ಡಲ್ಲ.

ಆದರೆ ಎಡವಿದಾಗ ಬಾಯಿ ಕೇಳುತ್ತದಾ? ಜನ ಒಂದು ಉಪಾಯ ಹುಡುಕಿಕೊಂಡರು. ಹೆಸರು ಶುರು ಮಾಡುವುದು, ಅರ್ಧದಲ್ಲಿ ನಾಲಿಗೆ ಹೊರಳಿಸಿಬಿಡುವುದು. 'ಗಾಡ್' ಅನ್ನಲು ಹೊರಟವರು 'ಗಾಶ್' ಅಂದರು, 'ಗಾಲಿ' ಅಂದರು (ನಮ್ಮ ಗಾಡಿಯದಲ್ಲ). 'ಜೀಸಸ್' ಮೊಟಕಾಗಿ 'ಜೀ' ಆಯಿತು, 'ಡ್ಯಾಮ್' ಹೋಗಿ 'ಡಾರ್ನ್', 'ಹೆಲ್' ಹೋಗಿ 'ಹೆಕ್'. ಬ್ರಿಟಿಷರ 'ಬ್ಲೈಮಿ'ಯಂತೂ ಭಯಂಕರ. ಅದರ ಮೂಲ 'ದೇವರು ನನ್ನ ಕಣ್ಣು ಕುರುಡು ಮಾಡಲಿ' ಅನ್ನುವ ಆಣೆ. ಈಗ ಬಸ್ಸು ಸರಿಯಾದ ಹೊತ್ತಿಗೆ ಬಂದರೂ ಅದೇ ಉದ್ಗಾರ.

ಹೊಲಸು ಮಾತಿಗೂ ಇದೇ ಜಾಣತನ. ಮೊದಲ ಅಕ್ಷರ ಬಾಯಿಂದ ಜಾರಿದರೆ 'ಶೂಟ್' ಅಂತಲೋ 'ಶುಗರ್' ಅಂತಲೋ ಮುಗಿಸಿ ಮಾನ ಉಳಿಸಿಕೊಳ್ಳುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಾಗ ಸಹೋದ್ಯೋಗಿಯೊಬ್ಬರು "ಶುಗರ್!" ಅಂದರು. ನಾನು ಓಡಿಹೋಗಿ ಎರಡು ಸಕ್ಕರೆ ಪೊಟ್ಟಣ ತಂದುಕೊಟ್ಟೆ. ಅವರು ತುಂಬಾ ಒಳ್ಳೆಯವರು, ಥ್ಯಾಂಕ್ಸ್ ಹೇಳಿ ಇಸಕೊಂಡರು.

'ವಾಟ್ ದ ಡಿಕನ್ಸ್' ಅನ್ನುವುದರಲ್ಲಿರುವವನು ಕಾದಂಬರಿಕಾರ ಡಿಕನ್ಸ್ ಅಂತ ನಾನು ಬಹಳ ವರ್ಷ ನಂಬಿದ್ದೆ. ಅಲ್ಲ, ಅದು ಸೈತಾನನಿಗೆ ಇಟ್ಟ ಅಡ್ಡಹೆಸರು. ಆ ಮಾತು ಶೇಕ್ಸ್‌ಪಿಯರ್ ನಾಟಕದಲ್ಲೇ ಇದೆ. ಡಿಕನ್ಸ್ ಹುಟ್ಟಿದ್ದು 1812ರಲ್ಲಿ. ಇನ್ನು 'ಹೋಲಿ ಕೌ' ಕೇಳಿದಾಗಲೆಲ್ಲ, ತಮ್ಮ ದೇವರನ್ನು ಕಾಪಾಡಲು ನಮ್ಮ ಗೋವನ್ನು ಮುಂದೆ ತಳ್ಳಿದರಲ್ಲಾ ಅನ್ನಿಸುತ್ತದೆ.

ಇಂಥ ಸಭ್ಯ ಮಾತಿನಿಂದ ಮನಸ್ಸು ಹಗುರಾಗುತ್ತದಾ? ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಗಾರರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಂಜಿನಂಥ ನೀರಿನಲ್ಲಿ ಕೈಯಿಟ್ಟು ಬೈದವರು, ಸಪ್ಪೆ ಪದ ಹೇಳಿದವರಿಗಿಂತ ಜಾಸ್ತಿ ಹೊತ್ತು ತಡೆದುಕೊಂಡರು. 2020ರಲ್ಲಿ 'ಫೌಚ್', 'ಟ್ವಿಜ್‌ಪೈಪ್' ಅಂತ ಹೊಸ ಬೈಗುಳ ಹುಟ್ಟಿಸಿಕೊಟ್ಟು ನೋಡಿದರು. ನೋವು ತಡೆಯಲು ಅವು ಉಪಯೋಗಕ್ಕೆ ಬರಲಿಲ್ಲ, ಅಸಲಿ ಬೈಗುಳವೇ ಬೇಕಾಯಿತು. ಹುಟ್ಟಿಸಿದ ಪದಕ್ಕೆ ಬಾಲ್ಯದಲ್ಲಿ ತಿಂದ ಬೈಗುಳದ ನೆನಪಿಲ್ಲ, ಅದಕ್ಕೇ ಇರಬೇಕು ಅಂತ ನನ್ನ ಅಂದಾಜು. ಆ ಪಟ್ಟಿಯಲ್ಲಿ 'ಅಯ್ಯೋ ಶಿವನೇ' ಇರಲಿಲ್ಲ ಬಿಡಿ.

ಮಗಳಿಗೆ ಇಷ್ಟನ್ನೂ ಹೇಳಿದೆ. ಶಾಲೆಯಲ್ಲಿ ಟೀಚರ್ ಹೇಳಿದ ಹಾಗೆ, ಮನೆಯಲ್ಲಿ ಅಜ್ಜಿ ಹೇಳಿದ ಹಾಗೆ ಅಂತ ತೀರ್ಮಾನ ಮಾಡಿದೆವು. ಎದ್ದು ಹೋಗುವಾಗ ಅವಳ ಕಿರುಬೆರಳು ಕುರ್ಚಿಯ ಕಾಲಿಗೆ ಬಡಿಯಿತು.

"ಅಯ್ಯೋ ಗಾಶೇ!" ಅಂದಳು.