ಫೋಟೋ ತೆಗೀಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿ ಖುಷಿಯಾಯಿತು. ನೀವು ಐದು ಜನ ಸೇರಿ ಒಂದು ಅಫ್ಘಾನ್ ಕುಟುಂಬವನ್ನು ಟೊರಾಂಟೊಗೆ ಕರೆಸಿಕೊಳ್ಳುತ್ತಿದ್ದೀರಿ, ಒಂದು ವರ್ಷ ಅವರ ಪೂರ್ತಿ ಜವಾಬ್ದಾರಿ ನಿಮ್ಮದು. ಕೆನಡಾದಲ್ಲಿ ಇದು 1979ರಿಂದ, ವಿಯೆಟ್ನಾಂ ಕಡೆಯವರು ದೋಣಿ ಹತ್ತಿ ಓಡಿಬಂದ ಕಾಲದಿಂದ ನಡೆಯುತ್ತಿದೆ, ಅಲ್ವಾ? ಅದಕ್ಕೇ 1986ರಲ್ಲಿ ಇಡೀ ಕೆನಡಾದ ಜನರಿಗೆ, ನಿರಾಶ್ರಿತರಿಗೆ ನೆರವಾದವರಿಗೆ ವಿಶ್ವಸಂಸ್ಥೆ ಕೊಡುವ ನ್ಯಾನ್ಸೆನ್ ಪದಕ ಸಿಕ್ಕಿತ್ತು. ನಮ್ಮಲ್ಲಿ ಇಂಥ ವ್ಯವಸ್ಥೆ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲ. ಹಾಗಾಗಿ ನಾನು ಇಲ್ಲಿ ಮಾಡಿದ್ದಕ್ಕೆ ದೊಡ್ಡ ಹೆಸರೇನೂ ಇಲ್ಲ, ನಾಲ್ಕು ಜನರ ಓಡಾಟ ಅಷ್ಟೆ.

"ಅವರು ಬರುವ ಮೊದಲು ಏನೇನು ತಗೊಂಡಿಡಬೇಕು?" ಅಂತ ಕೇಳಿದ್ದೀಯ. ಹಾಸಿಗೆ, ಪಾತ್ರೆ, ಜಾಕೆಟ್ಟು ಎಲ್ಲ ನೀವೇ ನೋಡಿಕೊಳ್ಳುತ್ತೀರಿ. ನನ್ನದು ಒಂದೇ ಮಾತು. ಫೋಟೋ ತೆಗೀಬೇಡ.

2021ರ ಆಗಸ್ಟ್ 15. ಬೆಳಿಗ್ಗೆ ಇಲ್ಲಿ ಧ್ವಜ ಏರಿಸಿ ಮಿಠಾಯಿ ತಿಂದೆವು. ರಾತ್ರಿ ಟೀವಿ ಹಾಕಿದರೆ ಕಾಬೂಲ್ ತಾಲಿಬಾನಿನ ಕೈಗೆ ಹೋಗಿತ್ತು. ಕೊಣಾಜೆಯಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ, ಆಗ ಅಫ್ಘಾನ್ ವಿದ್ಯಾರ್ಥಿಗಳು ಇದ್ದರು. ಕಾಗದದ ಮೇಲೆ ಅವರು ನಿರಾಶ್ರಿತರಲ್ಲ, ಓದಲು ಬಂದವರು. ಆದರೆ ಒಂದೇ ದಿನದಲ್ಲಿ ವಾಪಸ್ ಹೋಗಲು ಊರೇ ಇಲ್ಲ ಅನ್ನುವ ಹಾಗಾಯಿತು. ಅಲ್ಲಿ ಬ್ಯಾಂಕು ಮುಚ್ಚಿತು. ವೆಸ್ಟರ್ನ್ ಯೂನಿಯನ್ ಕೂಡ ಎರಡು ವಾರ ಹಣ ಕಳಿಸುವುದನ್ನು ನಿಲ್ಲಿಸಿತ್ತು. ಭಾರತ ಸರಕಾರದ ಸ್ಕಾಲರ್‌ಶಿಪ್ ಇದ್ದವರದ್ದು ಹೇಗೋ ನಡೆಯುತ್ತಿತ್ತು. ಮನೆಯ ದುಡ್ಡು ನಂಬಿದವರು ಕಂಗಾಲು. ಆಗಸ್ಟ್ 25ಕ್ಕೆ ಇನ್ನೊಂದು ಸುದ್ದಿ ಬಂತು. ಅಫ್ಘಾನಿಸ್ತಾನದಲ್ಲಿರುವವರ ಹಳೆ ವೀಸಾ ನಡೆಯುವುದಿಲ್ಲ, ಇನ್ನು ಇ-ವೀಸಾ ಮಾತ್ರ ಅಂತ. ರಜೆಗೆಂದು ಹೋಗಿದ್ದವರು ಅಲ್ಲೇ ಬಾಕಿ.

ನನಗೆ ಪರಿಚಯವಾದದ್ದು ಒಬ್ಬ ಹುಡುಗ. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅವನಿಗೂ ಇಬ್ಬರು ಗೆಳೆಯರಿಗೂ ಬಾಡಿಗೆ ಮನೆ ಬೇಕಿತ್ತು. ತೊಕ್ಕೊಟ್ಟು, ದೇರಳಕಟ್ಟೆ ಎಲ್ಲ ಸುತ್ತಿದೆವು. ಬೋರ್ಡ್ ನೇತು ಹಾಕಿದ ಮನೆಯವರೇ ನಮ್ಮನ್ನು ನೋಡಿದ ಮೇಲೆ "ಕೊಟ್ಟಾಯಿತು" ಅಂದರು. ವಿದೇಶದವರಿಗೆ ಮನೆ ಕೊಟ್ಟರೆ ಆಗ ಮಾಲೀಕರು 24 ಗಂಟೆಯೊಳಗೆ ಫಾರಂ ಸಿ, ಅಂದರೆ ಬಂದವರ ವಿವರದ ಅರ್ಜಿ, ತುಂಬಿ ಪೊಲೀಸರ ನೋಂದಣಿ ಕಚೇರಿಗೆ ಕಳಿಸಬೇಕಿತ್ತು. ಆನ್‌ಲೈನಿನಲ್ಲಿ ಹತ್ತು ನಿಮಿಷದ ಕೆಲಸ. ಪೊಲೀಸರ ಹೆಸರು ಕೇಳಿಯೇ ಜನ ಹಿಂದೆ ಸರಿಯುತ್ತಿದ್ದರು. ಕೊನೆಗೆ ಒಬ್ಬರು ಬಾಯಮ್ಮ, ಎಪ್ಪತ್ತು ದಾಟಿದವರು, ಹಿಂದಿನ ಔಟ್‌ಹೌಸ್ ಕೊಟ್ಟರು. ಅವರದ್ದು ಒಂದೇ ಪ್ರಶ್ನೆ: "ಮೀನು ತಿನ್ನುತ್ತಾರಾ?"

ಮಳೆಯ ಕತೆ ನಿನಗೆ ಹೇಳಬೇಕಾಗಿಲ್ಲ. ಕಾಬೂಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಇಲ್ಲಿ ಜುಲೈನಲ್ಲಿ ಹತ್ತು ದಿನಕ್ಕೇ ಬಿದ್ದುಬಿಡುತ್ತದೆ. ಹುಡುಗರ ಬೂಟಿಗೆ ಬೂಸ್ಟು ಹಿಡಿಯಿತು, ಸರ್ಟಿಫಿಕೇಟಿನ ಫೈಲಿಗೂ ಹಿಡಿಯಿತು. ನಾನು ಹತ್ತು ಕೆ.ಜಿ. ಕುಚ್ಚಲಕ್ಕಿ ಹೊತ್ತುಕೊಂಡು ಹೋದೆ, ದೊಡ್ಡ ಉಪಕಾರ ಮಾಡುವವನ ಹಾಗೆ. ಒಂದು ತಿಂಗಳಾದ ಮೇಲೂ ಚೀಲ ಹಾಗೇ ಇತ್ತು. ಎಷ್ಟು ಬೇಯಿಸಿದರೂ ಬೆಂದಿಲ್ಲ ಅಂತಲೇ ಅನ್ನಿಸುತ್ತಿತ್ತಂತೆ ಪಾಪ. ಹೇಳಲು ಸಂಕೋಚ.

ಮತ್ತೆ ಕನ್ನಡ ಕಲಿಸಲು ಹೊರಟೆ. ಒಂದನೇ ಕ್ಲಾಸಿನ ಪುಸ್ತಕ ತಂದುಕೊಟ್ಟೆ. ಅರಸ, ಆಟ, ಇಲಿ ಅಂತ ಶುರು ಮಾಡಿದರೆ ಅವನು ನಡುವೆ ನಿಲ್ಲಿಸಿ ಕೇಳಿದ, ಬಸ್ಸಿನಲ್ಲಿ ಕಂಡಕ್ಟರ್ "ಪೋಯಿ" ಅನ್ನುತ್ತಾನಲ್ಲ, ಅದು ಈ ಪುಸ್ತಕದಲ್ಲಿ ಎಲ್ಲಿದೆ? ತುಳು ಅಂತ ಒಂದಿದೆ ಎಂದು ನಾನು ಹೇಳಿಯೇ ಇರಲಿಲ್ಲ! ಆಮೇಲೆ ಪುಸ್ತಕ ಮುಚ್ಚಿಟ್ಟೆವು. ಅವನ ಭಾಷೆ ದರಿಗೂ ನಮ್ಮ ಮಾತಿಗೂ ಒಂದೇ ಇರುವ ಪದ ಹುಡುಕುವುದೇ ಆಟವಾಯಿತು. ಸಾಬೂನು, ಬಾಜಾರು, ಬಾದಾಮಿ, ದರ್ಜಿ, ಹವಾ. ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದ. ಅವನ ಕಡೆಯದ್ದು ಬಲದಿಂದ, ನಮ್ಮದು ಎಡದಿಂದ. ನಡುವೆ ಎರಡೂ ಡಿಕ್ಕಿ ಹೊಡೆಯುತ್ತಿದ್ದವು.

ಈಗ ಫೋಟೋದ ವಿಷಯ. ಅಕ್ಟೋಬರಿನಲ್ಲಿ ಒಂದು ರಾತ್ರಿ ನಮ್ಮನ್ನು ಊಟಕ್ಕೆ ಕರೆದರು. ನೆಲಕ್ಕೆ ಬಟ್ಟೆ ಹಾಸಿ, ದೊಡ್ಡ ತಟ್ಟೆಯಲ್ಲಿ ಕಾಬುಲಿ ಪುಲಾವ್ ಇಟ್ಟರು. ಮೇಲೆ ಸಣ್ಣಗೆ ಹೆಚ್ಚಿ ಹುರಿದ ಕ್ಯಾರೆಟ್, ಒಣದ್ರಾಕ್ಷಿ, ಒಳಗೆ ಮಾಂಸ. ನಾನು ಮೊಬೈಲ್ ತೆಗೆದೆ. ಮೂವರೂ ನಕ್ಕರು, ಬಾಯಮ್ಮನೂ ನಕ್ಕರು. ಫೇಸ್‌ಬುಕ್ಕಿಗೆ ಹಾಕಿದೆ, ಮೇಲೆ ಏನೋ ಎರಡು ಸಾಲು ಭಾವುಕವಾಗಿ ಬರೆದೆ. ಲೈಕು ಬಂದದ್ದೇ ಬಂದದ್ದು.

ಹನ್ನೊಂದೂವರೆಗೆ ಆ ಹುಡುಗನ ಫೋನು. ಅವನ ಹಿಂದಿ ಸಿನಿಮಾ ನೋಡಿ ಕಲಿತದ್ದು. ಆವತ್ತು ಅದೂ ತಡವರಿಸುತ್ತಿತ್ತು. "ಅಂಕಲ್, ಫೇಸ್‌ಬುಕ್ಕಿನಿಂದ ಆ ಫೋಟೋ ಅಳಿಸಿಬಿಡಿ. ಅಬ್ಬಾ ವಿದೇಶಿ ಸೈನ್ಯದ ಜೊತೆ ಕೆಲಸ ಮಾಡಿದವರು. ನಮ್ಮ ಬೀದಿಯವರು ನನ್ನ ಮುಖ ಗುರುತಿಸುತ್ತಾರೆ." ಆ ಕ್ಷಣಕ್ಕೇ ಅಳಿಸಿದೆ. ಆದರೆ ಅಷ್ಟರಲ್ಲಿ ಹನ್ನೊಂದು ಜನ ಹಂಚಿಕೊಂಡಿದ್ದರು, ವಾಟ್ಸ್ಆ್ಯಪಿಗೂ ಹೋಗಿತ್ತು. ಮಧ್ಯರಾತ್ರಿ ಒಬ್ಬೊಬ್ಬರಿಗೇ ಫೋನ್ ಮಾಡಿ ಎಬ್ಬಿಸಿದೆ. ಒಬ್ಬರು, "ಒಳ್ಳೇ ಕೆಲಸ ಮಾಡಿದ್ದೀರಿ, ಎಂತಕ್ಕೆ ನಾಚಿಕೆ?" ಅಂದರು. ಬಿಡಿಸಿ ಹೇಳುವ ಹಾಗೂ ಇಲ್ಲ, ಹೇಳದಿರುವ ಹಾಗೂ ಇಲ್ಲ.

ಅವನ ಮನೆಯವರಿಗೆ ಏನೂ ಆಗಲಿಲ್ಲ. ಆದರೆ ಎರಡು ವಾರ ಅವನು ನನ್ನ ಕಡೆ ಬರಲಿಲ್ಲ. ಬಾಯಮ್ಮನ ಹತ್ತಿರ ಮಾತ್ರ ಮೊದಲಿನ ಹಾಗೇ ಇದ್ದ. ಅವರು ಅವನಿಂದ ಗ್ಯಾಸ್ ಸಿಲಿಂಡರ್ ಎತ್ತಿಸುತ್ತಿದ್ದರು, ಬಾಂಗುಡೆ ತರಿಸುತ್ತಿದ್ದರು, ಚಿಲ್ಲರೆ ತಪ್ಪಿದರೆ ಬೈಯುತ್ತಿದ್ದರು. ಮೊದಲೊಮ್ಮೆ ನಾನು "ಪಾಪ, ಅವನಿಗೆ ಯಾಕೆ ಕೆಲಸ" ಅಂದಿದ್ದಕ್ಕೆ, "ಪಾಪ ಎಂತದ್ದು? ಕೈಕಾಲು ಉಂಟಲ್ಲ ಅವನಿಗೆ!" ಅಂದಿದ್ದರು. ನಾನು ಅಕ್ಕಿ ಹೊತ್ತೆ, ಪುಸ್ತಕ ಹೊತ್ತೆ, ಒಂದು ದಿನವಾದರೂ ಅವನಿಂದ ಒಂದು ಸಹಾಯ ಕೇಳಿರಲಿಲ್ಲ. ಆಮೇಲೆ ಕೇಳಿದೆ. ನನ್ನ ಹಳೆ ಲ್ಯಾಪ್‌ಟಾಪ್ ಸರಿ ಮಾಡಿಕೊಡುತ್ತೀಯಾ ಅಂತ. ಸಂಜೆಯೇ ಸ್ಕ್ರೂಡ್ರೈವರ್ ಹಿಡಿದು ಬಂದ.

ಇದನ್ನೆಲ್ಲ ಬರೆಯುವಾಗ ಸುಳ್ಯದ ನಮ್ಮ ಶಾಲೆ ನೆನಪಾಗುತ್ತಿದೆ. ರಬ್ಬರ್ ತೋಟದ ಕಾಲೊನಿಯಿಂದ ನಡೆದು ಬರುತ್ತಿದ್ದನಲ್ಲ, ಕೊನೇ ಬೆಂಚಿನವನು. ಅವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಚಹಾ ತೋಟಕ್ಕೆ ಕರೆದೊಯ್ದದ್ದು. 1948ರಲ್ಲಿ ಅಲ್ಲಿನ ಸರಕಾರ ಅವರಿಗೆ ಪೌರತ್ವ ಕೊಡಲಿಲ್ಲ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಒಪ್ಪಂದ ಮಾಡಿಕೊಂಡು, 5,25,000 ಜನ ಇತ್ತ, 3,00,000 ಜನ ಅತ್ತ ಅಂತ ಲೆಕ್ಕ ಹಾಕಿ ಹಂಚಿದರು. ಸುಳ್ಯದ ತೋಟಗಳಿಗೆ ಬಂದವರು ಆ ಲೆಕ್ಕದವರು. ನಮಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಅವನು ಸುಳ್ಯದಲ್ಲೇ ಹುಟ್ಟಿದವನು. ಆದರೂ ನೀನೂ ನಾನೂ ಏಳು ವರ್ಷ ಅವನನ್ನು "ಏ ಸಿಲೋನ್" ಅಂತಲೇ ಕರೆದೆವು. ಒಂದು ದಿನವಾದರೂ ಅವನ ಮನೆಗೆ ಹೋದದ್ದುಂಟಾ?

ಮುಂದಿನ ಭಾನುವಾರ ಸುಳ್ಯಕ್ಕೆ ಹೋಗುತ್ತಿದ್ದೇನೆ. ಕಾಲೊನಿಯಲ್ಲಿ ವಿಚಾರಿಸಬೇಕು ಅಂತಿದ್ದೇನೆ. ಅವನ ನಿಜವಾದ ಹೆಸರು ಏನಿತ್ತು ಮಾರಾಯ? ನಿನಗೆ ನೆನಪಿದ್ದರೆ ಶನಿವಾರದೊಳಗೆ ಬರಿ. ನನಗೆ ಎಷ್ಟು ತಲೆ ಕೆರೆದುಕೊಂಡರೂ ಬರುತ್ತಿಲ್ಲ.

ನಿನ್ನ,
ಹಳೇ ಬೆಂಚಿನವನು