ಲಿಂಕ್ ಹಾಕುವ ಮುಂಚೆ ಮಾಲೀಕರು ಯಾರು ನೋಡಿ

ಎಲ್ಲರಿಗೂ ನಮಸ್ಕಾರ. ಇನ್ನು ಮುಂದೆ ಈ ಗುಂಪಿನಲ್ಲಿ ವಿಡಿಯೋ ಗೇಮ್ ಸುದ್ದಿಯ ಲಿಂಕ್ ಹಾಕುವಾಗ, ಆ ಸೈಟು ಯಾರ ಕೈಯಲ್ಲಿದೆ ಅಂತ ಒಂದು ಸಾಲು ಬರೆಯಿರಿ. ಸುಮ್ನೆ ಹೇಳುತ್ತಿಲ್ಲ, ಕಾರಣ ಇದೆ.

ಗೇಮ್ ಇನ್ಫಾರ್ಮರ್ ನೆನಪಿದೆ ಅಲ್ವಾ? 1991ರಲ್ಲಿ ಶುರುವಾದ ಪತ್ರಿಕೆ. 2024ರ ಆಗಸ್ಟ್‌ನಲ್ಲಿ ಮಾಲೀಕ ಕಂಪನಿ ಗೇಮ್‌ಸ್ಟಾಪ್ ಅದನ್ನು ಮುಚ್ಚಿತು. ಹಳೆಯ ಯಾವ ಲೇಖನದ ಲಿಂಕ್ ಒತ್ತಿದರೂ ಅದೇ ವಿದಾಯದ ಪುಟ! ಬರೆದವರಿಗೇ ತಮ್ಮ ಬರಹ ಸಿಗದ ಹಾಗಾಯಿತು. 2025ರ ಮಾರ್ಚ್‌ನಲ್ಲಿ ಹಳೆಯ ತಂಡದ ಜೊತೆಗೇ ವಾಪಸ್ ಬಂತು. ಆದರೆ ಕೊಂಡವರು ಗನ್‌ಜಿಲ್ಲಾ ಗೇಮ್ಸ್, ಅಂದರೆ ಗೇಮ್ ಮಾಡುವವರೇ. ಬರಹದಲ್ಲಿ ಕೈ ಹಾಕುವುದಿಲ್ಲ ಎಂದಿದ್ದಾರೆ, ಸರಿ. ಆದರೂ ಅವರದೇ ಗೇಮಿನ ಬಗ್ಗೆ ಅಲ್ಲಿ ಏನಾದರೂ ಬಂದರೆ ನಾನಂತೂ ಎರಡು ಸಲ ಓದುತ್ತೇನೆ.

ಜೈಂಟ್ ಬಾಂಬ್ ಅನ್ನುವ ಗೇಮ್ ಸೈಟು ಬೇರೆ ದಾರಿ ಹಿಡಿಯಿತು. 2025ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರೇ ಅದನ್ನು ಕೊಂಡರು.

ಗೇಮ್ ಮಾಡುವ ಸ್ಟುಡಿಯೋಗಳ ಪಾಡೂ ಇಷ್ಟೇ. ಟ್ಯಾಂಗೋ ಗೇಮ್‌ವರ್ಕ್ಸ್‌ನ ಹೈ-ಫೈ ರಶ್ ಗೇಮಿಗೆ ಒಳ್ಳೆಯ ವಿಮರ್ಶೆಗಳು ಬಂದವು. 2024ರ ಮೇ ತಿಂಗಳಲ್ಲಿ ಮಾಲೀಕ ಕಂಪನಿ ಮೈಕ್ರೋಸಾಫ್ಟ್ ಆ ಸ್ಟುಡಿಯೋವನ್ನೇ ಮುಚ್ಚುತ್ತೇವೆ ಅಂದಿತು. ಆಗಸ್ಟ್‌ನಲ್ಲಿ ಕೊರಿಯಾದ ಗೇಮ್ ಕಂಪನಿ ಕ್ರಾಫ್ಟನ್ ಅದರ ಕೈಹಿಡಿಯಿತು. ಹಾಗಾಗಿ ‘ಗೇಮ್ ಚೆನ್ನಾಗಿದ್ದರೆ ಕೆಲಸ ಹೋಗಲ್ಲ’ ಅನ್ನುವ ಬುದ್ಧಿಮಾತು ಇಲ್ಲಿ ಬೇಡ.

ಇನ್ನೊಂದು. ಇಷ್ಟವಾದ ಲೇಖನವನ್ನು ವೇಬ್ಯಾಕ್ ಮೆಷಿನ್‌ನಲ್ಲಿ (ವೆಬ್ ಪುಟಗಳ ಪ್ರತಿ ಉಳಿಸಿಡುವ ಸೈಟು) ಸೇವ್ ಮಾಡಿ, ಆ ವಿಳಾಸವನ್ನೂ ಜೊತೆಗೆ ಹಾಕಿ. ಪಿಡಿಎಫ್ ಕಳಿಸಬೇಡಿ, ಎಲ್ಲರ ಫೋನೂ ತುಂಬುತ್ತದೆ.