ಹಳೇ ಟ್ರ್ಯಾಕ್ಟರ್: ಬಣ್ಣ ನೋಡಿ ಮುಂಗಡ ಕೊಡಬೇಡಿ

ಸಂಪಾದಕರಿಗೆ,

ಮುಂಗಾರು ಹತ್ತಿರ ಬಂದಂತೆ ಹಳೆಯ ಟ್ರ್ಯಾಕ್ಟರ್‌ಗಳ ವ್ಯಾಪಾರ ಜೋರಾಗುತ್ತದೆ. ಮೂವತ್ತು ವರ್ಷ ದಾಟಿದ ಮ್ಯಾಸ್ಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಇವತ್ತಿಗೂ ದುಡಿಯುವ ಗಾಡಿಯೇ. ಆದರೆ ಕೊಳ್ಳುವವರು ಬಣ್ಣ, ಟೈರು ನೋಡಿ ಎಂಜಿನ್ ಸದ್ದು ಕೇಳಿ ಮುಂಗಡ ಕೊಟ್ಟುಬಿಡುತ್ತಾರೆ. ದೊಡ್ಡ ಖರ್ಚು ಅಡಗಿರುವುದು ಸೀಟಿನ ಕೆಳಗಿನ ಹೌಸಿಂಗ್‌ನಲ್ಲಿ, ಅಂದರೆ ಗೇರು, ಹೈಡ್ರಾಲಿಕ್ ಪಂಪ್ ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿ.

ನೋಡಲು ಬೆಳಿಗ್ಗೆಯೇ ಹೋಗಿ. ಎಂಜಿನ್ ಮುಟ್ಟಿದಾಗ ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದು ತಿಳಿಯಿರಿ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಆಯಿಲ್ ಪಸೆ ಇದ್ದರೆ, ಇಲ್ಲವೇ ಗೇಜ್ ಕಡ್ಡಿಯಲ್ಲಿ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೇ ಬಿರುಕು ಬಿಟ್ಟಿರಬಹುದು. ಸ್ಟಾರ್ಟ್ ಆದಾಗ ಬರುವ ಬಿಳಿ ಹೊಗೆ ಒಂದೆರಡು ನಿಮಿಷದಲ್ಲಿ ನಿಲ್ಲಬೇಕು. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಕೊಳವೆಯಿಂದಲೂ ಹೊಗೆ ಉಗುಳಿದರೆ ರಿಂಗು, ಲೈನರ್ ಸವೆದಿವೆ. ದಪ್ಪ ಆಯಿಲ್ ಹಾಕಿ ಇದನ್ನೆಲ್ಲ ಕೆಲ ದಿನ ಮುಚ್ಚಿಡಬಹುದು. ಹಾಗಾಗಿ ಅರ್ಧ ಗಂಟೆ ದುಡಿಸಿದ ಮೇಲೆ ಆಯಿಲ್ ಪ್ರೆಶರ್ ಮುಳ್ಳನ್ನು ಮತ್ತೊಮ್ಮೆ ನೋಡಿ.

ಎಂಜಿನ್ ಕಟ್ಟುವವರು ಎಲ್ಲ ಕಡೆ ಸಿಗುತ್ತಾರೆ, ಭಾರ ಎತ್ತುವ ಹೈಡ್ರಾಲಿಕ್ ಬಲ್ಲವರು ಕಡಿಮೆ. ಮ್ಯಾಸ್ಸಿಯಲ್ಲಿ ಹೈಡ್ರಾಲಿಕ್ ಪಂಪ್ ಗೇರಿನ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಗಾಲಿ) ಕಟ್ಟಿ ಕೆಸರುಗದ್ದೆಯಲ್ಲಿ ದುಡಿದ ಗಾಡಿಗೆ ಆಕ್ಸಲ್ ಸೀಲ್ ದಾಟಿ ನೀರು ನುಗ್ಗಿದರೆ ಬೇರಿಂಗ್ ಜತೆ ಪಂಪೂ ಹಾಳು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರು ತಳಕ್ಕಿಳಿದಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಹೌಸಿಂಗ್ ತಳದ ಡ್ರೈನ್ ಬೋಲ್ಟ್ ಸಡಿಲಿಸಿ ಮೊದಲು ಏನು ಬರುತ್ತದೆ ನೋಡಿ. ಮಾಲೀಕರು ಬೇಡವೆಂದರೆ ಅದೂ ಒಂದು ಉತ್ತರವೇ.

ಆಮೇಲೆ ರೋಟವೇಟರ್‌ನಂಥ ಭಾರ ಕಟ್ಟಿ ಎತ್ತಿಸಿ. ತಣ್ಣಗಿದ್ದಾಗ ಸಲೀಸಾಗಿ ಎತ್ತಿ, ಆಯಿಲ್ ಕಾದ ಮೇಲೆ ನಡುಗುತ್ತಾ ಎತ್ತಿದರೆ ಪಂಪ್ ಸೋತಿದೆ. ಎತ್ತಿದ ಸ್ಥಿತಿಯಲ್ಲೇ ಎಂಜಿನ್ ನಿಲ್ಲಿಸಿ. ಭಾರ ಸರ್ರನೆ ಇಳಿದರೆ ಒಳಗೆ ಸೋರಿಕೆ ಇದೆ. ಅದರಡಿ ಯಾರೂ ಕೈಕಾಲು ಚಾಚಬಾರದು.

ಡ್ಯುಯಲ್ ಕ್ಲಚ್ ಇದ್ದರೆ ಪೆಡಲ್ ಅರ್ಧ ಒತ್ತಿದಾಗ ಗಾಡಿ ಮಾತ್ರ ನಿಲ್ಲಬೇಕು, ಪಿಟಿಒ (ರೋಟವೇಟರ್ ತಿರುಗಿಸುವ ಹಿಂದಿನ ಶಾಫ್ಟ್) ಮತ್ತು ಲಿಫ್ಟ್ ನಡೆಯುತ್ತಿರಬೇಕು. ಪೂರ್ತಿ ಒತ್ತಿದಾಗ ಅವೂ ನಿಲ್ಲಬೇಕು. ಕ್ಲಚ್ ಪ್ಲೇಟ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುತ್ತದೆ. ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿದೇ ಬೆಲೆ ಮಾತಾಡಿ. ಇಳಿಜಾರಿನಲ್ಲಿ ಗೇರ್ ತಾನಾಗಿ ಹಾರುತ್ತದೆಯೇ, ಜಾಕ್ ಕೊಟ್ಟು ಅಲುಗಾಡಿಸಿದರೆ ಮುಂದಿನ ಗಾಲಿ ಆಡುತ್ತದೆಯೇ ಎಂದೂ ನೋಡಿ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರ್ ನಂಬಬೇಡಿ. ಟ್ರೇಲರ್ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಗಾಡಿ ಹೊಲಕ್ಕಿಂತ ರಸ್ತೆಯಲ್ಲೇ ಹೆಚ್ಚು ದುಡಿದಿದೆ.

ಎಚ್‌ಎಂಟಿ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುತ್ತದೆಂದು ಓಡುವವರು, ಆ ಕಂಪನಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿದ್ದನ್ನು ನೆನಪಿಟ್ಟು ಬಿಡಿಭಾಗದ ಅಂಗಡಿಯಲ್ಲಿ ಮೊದಲು ವಿಚಾರಿಸಲಿ.

ಚಾಸಿ ನಂಬರನ್ನು ಬಟ್ಟೆಯಿಂದ ಉಜ್ಜಿ ಆರ್‌ಸಿ ಜತೆ ತಾಳೆ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಎಂಬ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರಂ 35 ಬೇಕು. ಹೆಸರು ವರ್ಗಾವಣೆಗೆ ಫಾರಂ 29, 30. ನೋಂದಣಿಯ ಅವಧಿ 15 ವರ್ಷ, ನಂತರ 5 ವರ್ಷಕ್ಕೊಮ್ಮೆ ನವೀಕರಣ. ಅದು ತಪ್ಪಿದ್ದರೆ ನವೀಕರಿಸಿಕೊಡುವುದು ಮಾರುವವರ ಹೊಣೆ ಎಂದು ಮುಂಗಡದ ಚೀಟಿಯಲ್ಲೇ ಬರೆಸಿಕೊಳ್ಳಿ.

– ಟ್ರ್ಯಾಕ್ಟರ್ ಮೆಕ್ಯಾನಿಕ್, ಸಿಂಧನೂರು